ಹಿಡಿಯುವ ಆಂಟಿಬಾಡಿ ಕತ್ತರಿಸ್ಲಿಕ್ಕೂ ಶುರು ಮಾಡಿದ್ರೆ? ಕೋವಿಡ್ ‘ಅಬ್‌ಝೈಮ್’ ಸುದ್ದಿಯ ಹಿಂದಿನ ಕೆಮಿಸ್ಟ್ರಿ

ಕೋವಿಡ್ ಬಂದ ಕೆಲವರ ಮೈಯಲ್ಲಿ ಆಂಟಿಬಾಡಿಗಳು ವೈರಸ್ಸನ್ನು ಬರೀ ಹಿಡಿದು ಕೂರುದಲ್ಲ, ಎಂಜೈಮ್ ತರ (ಇಂಥ ಆಂಟಿಬಾಡಿಗೇ ಅಬ್‌ಝೈಮ್ ಅನ್ನುದು) ನಮ್ಮದೇ ಹಾರ್ಮೋನನ್ನು ಕತ್ತರಿಸ್ಲಿಕ್ಕೂ ಶುರು ಮಾಡ್ತಾವೆ ಅಂತ ಒಂದು ಸುದ್ದಿ 2024ರಿಂದ ಆಗಾಗ ತಲೆ ಎತ್ತುತ್ತಾ ಉಂಟು. ಅಮೆರಿಕದ ವರ್ಜೀನಿಯಾ ಯೂನಿವರ್ಸಿಟಿಯ ಸ್ಟೀವನ್ ಝೈಕ್ನರ್ ಅವರ ತಂಡ ಎಂಬಯೋ ಅನ್ನುವ ಜರ್ನಲ್‌ನಲ್ಲಿ ಹಾಕಿದ ಪೇಪರ್ ಅದರ ಮೂಲ. ಅಲ್ಲಿಂದ ಅದು ಫಾರ್ವರ್ಡ್ ಆಗ್ತಾ ಆಗ್ತಾ ಒಬ್ಬರ ಕೈಯಲ್ಲಿ ‘ವ್ಯಾಕ್ಸಿನ್ ತಗೊಂಡವರ ಆಂಟಿಬಾಡಿ ಮೈಯನ್ನೇ ತಿನ್ತದೆ’ ಅಂತ ಆಯ್ತು, ಇನ್ನೊಬ್ಬರ ಕೈಯಲ್ಲಿ ‘ಆಂಟಿಬಾಡಿ ಈಗ ಕ್ಯಾನ್ಸರನ್ನೇ ಕರಗಿಸ್ತದಂತೆ’ ಅಂತ ಆಯ್ತು. ಪೇಪರ್‌ನಲ್ಲಿ ಇವೆರಡೂ ಇಲ್ಲ.

ಮಂಗಳೂರು, ಮಣಿಪಾಲ, ದೇರಳಕಟ್ಟೆ ಕಡೆ ಮನೆಗೊಬ್ಬರು ಅಲ್ಲದಿದ್ರೂ ಓಣಿಗೊಬ್ಬರಾದ್ರೂ ನರ್ಸಿಂಗೋ ಫಾರ್ಮಸಿಯೋ ಲ್ಯಾಬ್ ಟೆಕ್ನಾಲಜಿಯೋ ಓದಿದವರು ಸಿಗ್ತಾರೆ, ಆದ್ರೂ ಈ ವಿಷಯದಲ್ಲಿ ಗೊಂದಲ ಕಮ್ಮಿ ಇಲ್ಲ. ಯಾಕಂದ್ರೆ ಪಾಠದಲ್ಲಿ ಆಂಟಿಬಾಡಿ ಒಂದು ಚಾಪ್ಟರ್, ಎಂಜೈಮ್ ಇನ್ನೊಂದು ಚಾಪ್ಟರ್, ಎರಡೂ ಸೇರುವ ಜಾಗ ಸಿಲೆಬಸ್‌ನಲ್ಲಿ ಒಂದು ಪ್ಯಾರಾ ಇದ್ರೆ ಹೆಚ್ಚು. ಅಸಲಿಗೆ ಆಂಟಿಬಾಡಿ ಎಂಜೈಮ್ ಆಗಬಹುದು ಅನ್ನುದು 1986ರಲ್ಲೇ ಸಾಬೀತಾದ ವಿಷಯ. ಕೇಳಬೇಕಾದ ಪ್ರಶ್ನೆ ಅದು ಆಗ್ತದಾ ಇಲ್ವಾ ಅಂತ ಅಲ್ಲ, ಎಷ್ಟು ಜೋರಾಗಿ ಆಗ್ತದೆ, ಅದರ ಆಕಾರದಲ್ಲಿ ಯಾವುದು ಆ ಕೆಲಸ ಮಾಡಿಸ್ತದೆ ಅಂತ.

ಹಿಡಿಯುದರ ಲೆಕ್ಕ

ಆಂಟಿಬಾಡಿ ಅಂದ್ರೆ ವೈ ಆಕಾರದ ಒಂದು ಪ್ರೋಟೀನ್, ಎರಡು ಹೆವಿ ಚೈನು ಎರಡು ಲೈಟ್ ಚೈನು. ಎರಡು ತೋಳಿನ ತುದಿಯಲ್ಲಿ ಒಂದೊಂದು ಹಿಡಿಯುವ ಜಾಗ, ಆ ಜಾಗವನ್ನು ಕಟ್ಟುದು ಆರು ಲೂಪುಗಳು, ಹೆವಿ ಚೈನಿಂದ ಮೂರು ಲೈಟ್ ಚೈನಿಂದ ಮೂರು. ಉಳಿದ ಮೈಯೆಲ್ಲ ಹೆಚ್ಚುಕಮ್ಮಿ ಒಂದೇ ತರ, ಈ ಆರು ಲೂಪಿನ ಉದ್ದ, ಮಡಿಕೆ, ಅಮೈನೋ ಆಮ್ಲ ಬದಲಾದ ಹಾಗೆ ಹಿಡಿಯುವ ವಸ್ತು ಬದಲಾಗ್ತದೆ. ಸಾಮಾನ್ಯ ಆಂಟಿಬಾಡಿ ತನ್ನ ವಸ್ತುವನ್ನು ಹಿಡಿದ್ರೆ ಅಲ್ಲಿಗೆ ಅದರ ಕೆಲಸ ಮುಗೀತು, ಹಿಡಿದದ್ದು ಹಾಗೇ ಇರ್ತದೆ, ಒಡೆಯುದಿಲ್ಲ. ಮುಂದಿನ ವಿಲೇವಾರಿ ಬೇರೆ ಜೀವಕೋಶಗಳದ್ದು.

ಇದರ ಪರಿಣಾಮ ಎಂತ ಅಂತ ನೋಡ್ಲಿಕ್ಕೆ ದೂರ ಹೋಗುದು ಬೇಡ, ತೋಟದಲ್ಲಿ ಹಾವು ಕಚ್ಚಿ ಬಂದವರಿಗೆ ಕೊಡುವ ಆಂಟಿವೆನಮ್ ಸಾಕು. ಅದು ಕುದುರೆಯ ಮೈಯಲ್ಲಿ ತಯಾರಾದ ಆಂಟಿಬಾಡಿ. ನಮ್ಮ ದೇಶದ ಆಂಟಿವೆನಮ್ ಒಂದು ಮಿಲಿಲೀಟರಿಗೆ ಕೊಳಕು ಮಂಡಲದ ವಿಷ 0.6 ಮಿಲಿಗ್ರಾಂ ತಟಸ್ಥ ಮಾಡುವ ಶಕ್ತಿಯದ್ದು, ಅಂದ್ರೆ ಹತ್ತು ಮಿಲಿಲೀಟರಿನ ಒಂದು ವಯಲ್‌ಗೆ 6 ಮಿಲಿಗ್ರಾಂ. ಒಂದು ಕಡಿತದಲ್ಲಿ ಅದು ಬಿಡುವ ವಿಷ ಸರಾಸರಿ 63 ಮಿಲಿಗ್ರಾಂ ಅಂತ ಲೆಕ್ಕ ಹಿಡೀತಾರೆ. ಭಾಗಾಕಾರ ಮಾಡಿ ನೋಡಿ, ಹತ್ತು ವಯಲ್ ಆಸುಪಾಸು ಬರ್ತದೆ, ಶುರುವಿನ ಡೋಸ್ ಎಂಟರಿಂದ ಹತ್ತು ವಯಲ್ ಅಂತ ಇರುದು ಇದೇ ಲೆಕ್ಕದ ಮೇಲೆ. ವಿಷ ಎಷ್ಟೋ ಅದಕ್ಕೆ ತಕ್ಕಷ್ಟು ಆಂಟಿಬಾಡಿ ಬೇಕೇ ಬೇಕು, ಒಂದು ಕಣವನ್ನು ಹಿಡಿದ ಕೈ ಮತ್ತೆ ಖಾಲಿ ಆಗುದಿಲ್ಲ ಅಲ್ವಾ. ಎಂಜೈಮ್ ಹಾಗಲ್ಲ, ಒಂದನ್ನು ಮುಗಿಸಿ ಬಿಟ್ಟು ಮುಂದಿನದ್ದಕ್ಕೆ ಕೈ ಹಾಕ್ತದೆ, ಒಂದೇ ಕಣ ಸಾವಿರಗಟ್ಟಲೆ ಸಲ ತಿರುಗಿ ಕೆಲಸ ಮಾಡ್ತದೆ. ವಿಷವನ್ನು ಹಿಡಿದು ಒಡೆದೂ ಹಾಕುವ ಆಂಟಿಬಾಡಿ ಇದ್ದಿದ್ರೆ ವಯಲ್ ಲೆಕ್ಕ ಬೇರೆಯೇ ಆಗ್ತಿತ್ತು. ಅಂಥದ್ದು ಆಸ್ಪತ್ರೆಯಲ್ಲಿ ಇಲ್ಲ, ಈ ಲೇಖನ ಓದಿ ಯಾರೂ ಕೇಳ್ಲಿಕ್ಕೆ ಹೋಗ್ಬೇಡಿ. ಆದ್ರೆ ವಿಜ್ಞಾನಿಗಳಿಗೆ ಈ ಆಸೆ ಯಾಕೆ ಹುಟ್ಟಿತು ಅಂತ ಇದರಿಂದ ಅರ್ಥ ಆಗ್ತದೆ.

ಎಂಜೈಮ್ ಹಿಡಿಯುದು ಯಾವುದನ್ನು

ಇಲ್ಲಿ ಒಂದು ತಪ್ಪು ತಿಳುವಳಿಕೆ ತುಂಬ ಜನರಿಗೆ ಉಂಟು. ಎಂಜೈಮ್ ತನ್ನ ಸಬ್‌ಸ್ಟ್ರೇಟನ್ನು, ಅಂದ್ರೆ ತಾನು ಬದಲಾಯಿಸುವ ವಸ್ತುವನ್ನು, ಗಟ್ಟಿಯಾಗಿ ಹಿಡಿದಷ್ಟೂ ರಿಯಾಕ್ಷನ್ ಜೋರು ಅಂತ ಅಂದ್ಕೊಳ್ತಾರೆ. ಅಲ್ಲ.

ಮಂಗಳೂರಿಂದ ಹಾಸನಕ್ಕೆ ಹೋಗ್ಲಿಕ್ಕೆ ಶಿರಾಡಿ ಘಾಟಿ ಹತ್ತಬೇಕಲ್ವಾ, ರಿಯಾಕ್ಷನ್ನಿಗೂ ಹಾಗೆ ಒಂದು ಘಾಟಿ ಉಂಟು. ಎ ಅನ್ನುವ ವಸ್ತು ಬಿ ಆಗ್ಬೇಕಾದ್ರೆ ಮಧ್ಯದಲ್ಲಿ ಒಂದು ಏರು ತುದಿ, ಅಲ್ಲಿ ಹಳೆ ಬಾಂಡ್ ಅರ್ಧ ಬಿಟ್ಟಿರ್ತದೆ ಹೊಸ ಬಾಂಡ್ ಅರ್ಧ ಕೂಡಿರ್ತದೆ. ಅದೇ ಟ್ರಾನ್ಸಿಷನ್ ಸ್ಟೇಟ್. ಸೆಕೆಂಡನ್ನು ಹತ್ತು ಲಕ್ಷ ಕೋಟಿ ತುಂಡು ಮಾಡಿದ್ರೆ ಅದರಲ್ಲಿ ಒಂದೋ ಎರಡೋ ತುಂಡಿನಷ್ಟು ಹೊತ್ತು ಮಾತ್ರ ಅದರ ಆಯುಷ್ಯ. ಎಂಜೈಮ್ ಗಾಡಿಗೆ ಹೆಚ್ಚು ಪೆಟ್ರೋಲ್ ಹಾಕುದಲ್ಲ, ಘಾಟಿಯನ್ನೇ ತಗ್ಗಿಸ್ತದೆ. ಹೇಗೆ ಅಂದ್ರೆ ತುದಿಯಲ್ಲಿರುವ ಆ ಅರೆಬರೆ ಆಕಾರಕ್ಕೆ ತನ್ನ ಪಾಕೆಟ್ (ಹಿಡಿಯುವ ಗುಂಡಿ) ಸರಿಯಾಗಿ ಹೊಂದುವ ಹಾಗೆ ಕಟ್ಟಿಕೊಂಡಿರ್ತದೆ. ಬುಡದಲ್ಲಿರುವ ಸಬ್‌ಸ್ಟ್ರೇಟನ್ನೇ ಗಟ್ಟಿ ಅಪ್ಪಿಕೊಂಡ್ರೆ ಅದು ಅಲ್ಲೇ ನೆಮ್ಮದಿಯಾಗಿ ಕೂರ್ತದೆ, ಮೇಲೆ ಹತ್ತುವ ಏರು ಇನ್ನೂ ಉದ್ದ ಆಗ್ತದೆ.

ಈ ಮಾತನ್ನು ಸ್ಪಷ್ಟವಾಗಿ ಹೇಳಿದ್ದು ಕೆಮಿಸ್ಟ್ರಿ ವಿಜ್ಞಾನಿ ಲೈನಸ್ ಪೌಲಿಂಗ್, 1940ರ ದಶಕದಲ್ಲಿ. ಆಮೇಲೆ 1969ರಲ್ಲಿ ವಿಲಿಯಂ ಜೆಂಕ್ಸ್ ಅದಕ್ಕೊಂದು ಬಾಲ ಜೋಡಿಸಿದ್ರು: ಹಾಗಾದ್ರೆ ಟ್ರಾನ್ಸಿಷನ್ ಸ್ಟೇಟಿನ ತರವೇ ಕಾಣುವ, ಆದ್ರೆ ಮಾಯ ಆಗದೆ ಗಟ್ಟಿ ನಿಲ್ಲುವ ಒಂದು ವಸ್ತು ಮಾಡಿ ಪ್ರಾಣಿಗೆ ಚುಚ್ಚಿ, ಅದರ ವಿರುದ್ಧ ಬರುವ ಆಂಟಿಬಾಡಿಯ ಪಾಕೆಟ್ ಟ್ರಾನ್ಸಿಷನ್ ಸ್ಟೇಟಿಗೂ ಹೊಂದಬೇಕು, ಅಂದ್ರೆ ಅದು ರಿಯಾಕ್ಷನ್ ವೇಗ ಮಾಡುವ ಕ್ಯಾಟಲಿಸ್ಟ್ ಆಗಬೇಕು. ಹೇಳುದು ಸುಲಭ. ಆಗ ಕಷ್ಟ ಎಂತ ಇತ್ತು ಅಂದ್ರೆ ಪ್ರಾಣಿಯ ರಕ್ತದಲ್ಲಿ ಸಿಗುದು ನೂರಾರು ಬಗೆಯ ಆಂಟಿಬಾಡಿಯ ಮಿಶ್ರಣ, ಅದರಲ್ಲಿ ಯಾವುದು ಕೆಲಸ ಮಾಡಿತು ಅಂತ ಬೇರ್ಪಡಿಸ್ಲಿಕ್ಕೆ ದಾರಿ ಇರಲಿಲ್ಲ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಹೈಬ್ರಿಡೋಮಾ ವಿಧಾನ ಕಂಡುಹಿಡಿದ ಮೇಲೆ ಒಂದೇ ಬಗೆಯ ಆಂಟಿಬಾಡಿಯನ್ನು ಬೇಕಾದಷ್ಟು ಬೆಳೆಸಬಹುದು ಅಂತ ಆಯ್ತು, ಮೊನೋಕ್ಲೋನಲ್ ಅಂತ ಇವತ್ತು ಎಲ್ಲರೂ ಹೇಳುದು ಅದನ್ನೇ.

1986: ಫಾಸ್ಫರಸ್ ಹಾಕಿ ಮಾಡಿದ ಅಚ್ಚು

ಕೊನೆಗೆ 1986ರಲ್ಲಿ ಎರಡು ತಂಡ ಒಂದೇ ಹೊತ್ತಿಗೆ ಇದನ್ನು ಮಾಡಿ ತೋರಿಸಿದ್ವು, ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ರಿಚರ್ಡ್ ಲರ್ನರ್ ತಂಡ ಮತ್ತು ಬರ್ಕ್ಲಿಯ ಪೀಟರ್ ಶುಲ್ಟ್ಸ್ ತಂಡ. ಅವರು ಆರಿಸಿಕೊಂಡದ್ದು ಎಸ್ಟರ್, ಕಾರ್ಬೋನೇಟ್ ತರದ ವಸ್ತುವನ್ನು ನೀರಿನಿಂದ ಒಡೆಯುವ ರಿಯಾಕ್ಷನ್. ಎಸ್ಟರಿನಲ್ಲಿ ಮಧ್ಯದ ಕಾರ್ಬನ್ ಚಪ್ಪಟೆಯಾಗಿ ಇರ್ತದೆ. ನೀರು ಬಂದು ಕೂಡುವಾಗ ಅದು ನಾಲ್ಕು ಕಡೆಗೆ ಕೈ ಚಾಚಿದ ಆಕಾರಕ್ಕೆ ತಿರುಗ್ತದೆ, ಆಕ್ಸಿಜನ್ ಮೇಲೆ ನೆಗೆಟಿವ್ ಚಾರ್ಜ್ ಬಂದು ಕೂರ್ತದೆ. ಕಾರ್ಬನ್ ಈ ರೂಪದಲ್ಲಿ ನಿಲ್ಲುದಿಲ್ಲ, ಆದ್ರೆ ಅದರ ಜಾಗದಲ್ಲಿ ಫಾಸ್ಫರಸ್ ಹಾಕಿದ್ರೆ ಅದೇ ಆಕಾರ ಅದೇ ಚಾರ್ಜು ಆರಾಮವಾಗಿ ನಿಲ್ತದೆ. ಅಂಥ ಫಾಸ್ಫೋನೇಟನ್ನು ದೊಡ್ಡ ಪ್ರೋಟೀನಿಗೆ ಅಂಟಿಸಿ ಇಲಿಗೆ ಕೊಟ್ರೆ ಬರುವ ಆಂಟಿಬಾಡಿಗಳಲ್ಲಿ ಕೆಲವು ಎಸ್ಟರನ್ನು ಸಾವಿರ ಪಟ್ಟು, ಹತ್ತು ಸಾವಿರ ಪಟ್ಟು ವೇಗವಾಗಿ ಒಡೀತಾವೆ. ಹೀಗೆ ಅಚ್ಚಿಗೆ ಬಳಸುವ ಚಿಕ್ಕ ವಸ್ತುವಿಗೆ ಹ್ಯಾಪ್ಟೆನ್ ಅಂತ ಹೆಸರು.

ಆ ಕಾಲದ ಉತ್ಸಾಹ ಜೋರು. ಯಾವ ರಿಯಾಕ್ಷನ್ ಬೇಕೋ ಅದಕ್ಕೊಂದು ಹ್ಯಾಪ್ಟೆನ್ ಮಾಡು, ಇಲಿ ಎಂಜೈಮ್ ಕಟ್ಟಿಕೊಡ್ತದೆ ಅನ್ನುವ ಧಾಟಿ. ಅಷ್ಟು ಸಲೀಸಾಗಿದ್ರೆ ಎಲ್ಲ ಫಾರ್ಮಾ ಫ್ಯಾಕ್ಟರಿಯಲ್ಲೂ ಇವತ್ತು ಅದೇ ಇರ್ತಿತ್ತು.

ಕ್ರಿಸ್ಟಲ್‌ನಲ್ಲಿ ಕಂಡದ್ದು

1990ರ ದಶಕದಲ್ಲಿ ಎಕ್ಸ್‌ರೇ ಕ್ರಿಸ್ಟಲೋಗ್ರಫಿಯಿಂದ ಈ ಆಂಟಿಬಾಡಿಗಳ ಒಳಗಿನ ಚಿತ್ರ ಒಂದೊಂದಾಗಿ ಬಂತು. ಮೊದಲ ಆಶ್ಚರ್ಯ ಇದು: ಬೇರೆ ಬೇರೆ ಲ್ಯಾಬಿನಲ್ಲಿ ಹುಟ್ಟಿದ 17ಇ8, 48ಜಿ7, ಸಿಎನ್‌ಜೆ206 ಅನ್ನುವ ಎಸ್ಟರ್ ಒಡೆಯುವ ಆಂಟಿಬಾಡಿಗಳ ಪಾಕೆಟ್ ಹೆಚ್ಚುಕಮ್ಮಿ ಒಂದೇ ತರ. ಹೆವಿ ಚೈನು ಲೈಟ್ ಚೈನು ಸೇರುವ ಸಂದಿಯಲ್ಲಿ ಆಳವಾದ ಗುಂಡಿ, ಹ್ಯಾಪ್ಟೆನಿನ ಬೆಂಝೀನ್ ಉಂಗುರ ತಳದಲ್ಲಿ ಹುಗಿದು ಕೂತಿದೆ, ಫಾಸ್ಫೋನೇಟಿನ ಆಕ್ಸಿಜನ್ ಸುತ್ತ ಹೈಡ್ರೋಜನ್ ಬಾಂಡ್ ಕೊಡುವ ಅಮೈನೋ ಆಮ್ಲಗಳು. 48ಜಿ7ನಲ್ಲಿ ಆ ಕೆಲಸ ಮಾಡುದು ಒಂದು ಆರ್ಜಿನಿನ್, ಒಂದು ಹಿಸ್ಟಿಡಿನ್, ಒಂದು ಟೈರೋಸಿನ್. ನೆಗೆಟಿವ್ ಚಾರ್ಜಿನ ಆಕ್ಸಿಜನ್ನಿಗೆ ಹೀಗೆ ಒತ್ತಾಸೆ ಕೊಡುವ ಜಾಗಕ್ಕೆ ಆಕ್ಸಿಅನಯಾನ್ ಹೋಲ್ ಅಂತಾರೆ, ನಮ್ಮ ಕರುಳಿನ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್‌ನಲ್ಲೂ ಇದೇ ಉಪಾಯ ಉಂಟು. ಅಂದ್ರೆ ಕೆಲವೇ ವಾರದಲ್ಲಿ ಇಲಿಯ ಇಮ್ಯೂನ್ ಸಿಸ್ಟಮ್ ಎಂಜೈಮುಗಳು ಕೋಟಿಗಟ್ಟಲೆ ವರ್ಷದಲ್ಲಿ ಕಲಿತ ಒಂದು ಪಟ್ಟನ್ನು ತಾನೇ ಕಲಿತುಬಿಟ್ಟಿತು. ಒಂದು ಪಟ್ಟು ಮಾತ್ರ ಅನ್ನುದು ನೆನಪಿರ್ಲಿ. ಟ್ರಿಪ್ಸಿನ್‌ನಲ್ಲಿ ಅದರ ಜೊತೆಗೆ ದಾಳಿ ಮಾಡುವ ಸೀರಿನ್, ಅದಕ್ಕೆ ಪ್ರೋಟಾನ್ ಎಳೆದುಕೊಡುವ ಹಿಸ್ಟಿಡಿನ್, ಹಿಂದೆ ನಿಂತು ಬಲ ಕೊಡುವ ಆಸ್ಪಾರ್ಟಿಕ್ ಆಮ್ಲ ಎಲ್ಲ ಉಂಟು.

48ಜಿ7 ಬಗ್ಗೆ 1997ರಲ್ಲಿ ಬಂದ ಕೆಲಸ ಇನ್ನೂ ಸ್ವಾರಸ್ಯ. ಆಂಟಿಬಾಡಿ ಹುಟ್ಟುವಾಗಲೇ ಪಕ್ಕಾ ಆಗಿರುದಿಲ್ಲ, ಮೊದಲು ಜೀನಿನಿಂದ ಬಂದ ಒರಟು ರೂಪ ಇರ್ತದೆ, ಆಮೇಲೆ ಆಂಟಿಬಾಡಿ ತಯಾರಿಸುವ ಬಿ ಸೆಲ್ಲುಗಳು ಜೀನಿನಲ್ಲಿ ಮ್ಯೂಟೇಷನ್ (ಸಣ್ಣ ಬದಲಾವಣೆ) ಮಾಡ್ತಾ ಮಾಡ್ತಾ ಹಿಡಿತ ಹೆಚ್ಚಾದದ್ದನ್ನು ಮಾತ್ರ ಉಳಿಸಿಕೊಳ್ತಾವೆ. ಶುಲ್ಟ್ಸ್ ಮತ್ತು ರೇ ಸ್ಟೀವನ್ಸ್ ಅವರ ತಂಡ ಒರಟು ರೂಪವನ್ನೂ ಪಳಗಿದ ರೂಪವನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಎರಡರ ನಡುವೆ ವ್ಯತ್ಯಾಸ ಬರೀ ಒಂಬತ್ತು ಮ್ಯೂಟೇಷನ್, ಆದ್ರೆ ಹ್ಯಾಪ್ಟೆನ್ ಮೇಲಿನ ಹಿಡಿತ ಮೂವತ್ತು ಸಾವಿರ ಪಟ್ಟು ಹೆಚ್ಚಾಗಿತ್ತು. ಮಜಾ ಎಂತ ಅಂದ್ರೆ ಆ ಒಂಬತ್ತರಲ್ಲಿ ಒಂದೂ ಹ್ಯಾಪ್ಟೆನನ್ನು ನೇರ ಮುಟ್ಟುದಿಲ್ಲ, ಕೆಲವು 15 ಆಂಗ್‌ಸ್ಟ್ರಮ್ ದೂರದಲ್ಲಿ ಇದ್ದಾವೆ. ಹಾಗಾದ್ರೆ ಅವು ಮಾಡಿದ್ದೆಂತ? ಒರಟು ರೂಪದ ಪಾಕೆಟ್ ಸಡಿಲ, ಹ್ಯಾಪ್ಟೆನ್ ಬಂದಾಗ ಮೈ ಬಗ್ಗಿಸಿ ಹೊಂದಿಕೊಳ್ತದೆ. ಪಳಗಿದ ರೂಪದಲ್ಲಿ ಪಾಕೆಟ್ ಮೊದಲೇ ಸರಿಯಾದ ಆಕಾರದಲ್ಲಿ ಬಿಗಿಯಾಗಿ ನಿಂತಿರ್ತದೆ, ಹ್ಯಾಪ್ಟೆನ್ ಬಂದು ಕೂತ್ರೂ ಏನೂ ಅಲುಗುದಿಲ್ಲ. ದೂರದ ಮ್ಯೂಟೇಷನ್‌ಗಳು ಒಟ್ಟಾಗಿ ಪಾಕೆಟನ್ನು ಅದೇ ಭಂಗಿಯಲ್ಲಿ ಬಂದೋಬಸ್ತ್ ಮಾಡಿದ್ದು.

ಇದನ್ನು ಓದಿದವರು ಬಿಗಿ ಮಾಡಿದಷ್ಟೂ ಒಳ್ಳೇದು ಅಂತ ತೀರ್ಮಾನಕ್ಕೆ ಬರಬಹುದು. ಅದೇ 1997ರಲ್ಲಿ ಬಂದ ಎಝಡ್-28 ಅನ್ನುವ ಇನ್ನೊಂದು ಆಂಟಿಬಾಡಿಯ ಕಥೆ ಅದಕ್ಕೆ ನೇರ ಉಲ್ಟಾ. ಅದು ಆಕ್ಸಿ-ಕೋಪ್ ಅನ್ನುವ ರಿಯಾಕ್ಷನ್ ಮಾಡಿಸುವಂಥದ್ದು, ಉದ್ದದ ಕಾರ್ಬನ್ ಸರಪಳಿ ಬಾಗಿ ಉಂಗುರದ ಹಾಗೆ ಆಗಿ ಬಾಂಡ್ ಅದಲುಬದಲು ಆಗ್ತದೆ. ಇಲ್ಲಿಯೂ ಪಳಗಿದ ರೂಪ ಹ್ಯಾಪ್ಟೆನನ್ನು ಒರಟು ರೂಪಕ್ಕಿಂತ ಸುಮಾರು ನಲ್ವತ್ತು ಪಟ್ಟು ಗಟ್ಟಿಯಾಗಿ ಹಿಡೀತದೆ. ಆದ್ರೆ ರಿಯಾಕ್ಷನ್ ವೇಗ ನೋಡಿದ್ರೆ ಒರಟು ರೂಪ 1,63,000 ಪಟ್ಟು ಹೆಚ್ಚಿಸ್ತದೆ, ಪಳಗಿದ ರೂಪ ಬರೀ 5,300 ಪಟ್ಟು! ಹಿಡಿತ ಹೆಚ್ಚಾಯ್ತು, ಕೆಲಸ ಮೂವತ್ತರಲ್ಲಿ ಒಂದಕ್ಕೆ ಇಳೀತು. ಕಾರಣ ಹುಡುಕಿದ್ರೆ ಮುಖ್ಯ ಆರೋಪಿ ಲೈಟ್ ಚೈನಿನ 34ನೇ ಜಾಗ, ಅಲ್ಲಿದ್ದ ಸೀರಿನ್ ಹೋಗಿ ಆಸ್ಪರಾಜಿನ್ ಬಂದಿತ್ತು. ಪಳಗಿದ ಪಾಕೆಟ್ ವಸ್ತುವನ್ನು ಹ್ಯಾಪ್ಟೆನಿನ ಭಂಗಿಯಲ್ಲೇ ಅಲುಗಾಡದ ಹಾಗೆ ಹಿಡಿದುಬಿಡ್ತದೆ, ಆದ್ರೆ ಹ್ಯಾಪ್ಟೆನ್ ಅಸಲಿ ಟ್ರಾನ್ಸಿಷನ್ ಸ್ಟೇಟಿನ ಪಡಿಯಚ್ಚು ಅಲ್ಲವಲ್ಲ, ಎಲೆಕ್ಟ್ರಾನುಗಳು ಒಂದಕ್ಕೊಂದು ಹೊಂದಿಕೊಳ್ಳಬೇಕಾದ ಕೋನ ಸ್ವಲ್ಪ ತಪ್ಪಿಹೋಗ್ತದೆ. ಒರಟು ರೂಪದಲ್ಲಿ ಸಡಿಲ ಇದ್ದ ಕಾರಣ ಸರಿಯಾದ ಕೋನಕ್ಕೆ ಹೊರಳ್ಲಿಕ್ಕೆ ಅವಕಾಶ ಇತ್ತು.

ಈ ಎರಡು ಆಂಟಿಬಾಡಿಯನ್ನು ಒಟ್ಟಿಗೆ ಇಟ್ಟು ನೋಡಿದ್ರೆ ಇಡೀ ವಿಷಯದ ಗಂಟು ಬಿಚ್ಚುತ್ತದೆ. ಇಮ್ಯೂನ್ ಸಿಸ್ಟಮ್ ಆರಿಸುದು ಹಿಡಿತವನ್ನು, ರಿಯಾಕ್ಷನ್ ವೇಗವನ್ನು ಅಲ್ಲ. ಬಿ ಸೆಲ್ಲಿಗೆ ಎಸ್ಟರ್ ಒಡೆದರೆ ಪ್ರಮೋಷನ್ ಸಿಗುದಿಲ್ಲ. ಹಿಡಿತ ಮತ್ತು ವೇಗ ಒಂದೇ ದಿಕ್ಕಿನಲ್ಲಿ ಹೋದ್ರೆ ನಮ್ಮ ಅದೃಷ್ಟ, ಹೋಗದಿದ್ರೆ ಇಲ್ಲ.

ಲೈಸಿನ್ ಬಲೆಗೆ ಬಿದ್ದದ್ದು

ಇದನ್ನು ಅರ್ಥ ಮಾಡಿಕೊಂಡ ಲರ್ನರ್ ಮತ್ತು ಕಾರ್ಲೋಸ್ ಬಾರ್ಬಾಸ್ 1995ರಲ್ಲಿ ಆಟದ ನಿಯಮವನ್ನೇ ಬದಲಾಯಿಸಿದ್ರು. ಸುಮ್ಮನೆ ಆಕಾರ ತೋರಿಸುವ ಹ್ಯಾಪ್ಟೆನ್ ಬದಲು, ಲೈಸಿನ್ ಅನ್ನುವ ಅಮೈನೋ ಆಮ್ಲ ಸಿಕ್ಕಿದ್ರೆ ಅದರೊಟ್ಟಿಗೆ ನಿಜವಾಗಿ ರಿಯಾಕ್ಟ್ ಆಗಿ ಬಾಂಡ್ ಹಾಕಿಕೊಳ್ಳುವ ಡೈಕೀಟೋನ್ ಚುಚ್ಚಿದ್ರು. ಈಗ ಬಿ ಸೆಲ್ ಗೆಲ್ಲಬೇಕಾದ್ರೆ ಅದರ ಪಾಕೆಟ್‌ನಲ್ಲಿ ಚುರುಕಾದ ಲೈಸಿನ್ ಇರ್ಲೇಬೇಕು. ಹೀಗೆ ಸಿಕ್ಕಿದ್ದು 38ಸಿ2 ಮತ್ತು 33ಎಫ್12, ಎರಡು ವಸ್ತುವಿನ ನಡುವೆ ಕಾರ್ಬನ್-ಕಾರ್ಬನ್ ಬಾಂಡ್ ಬೆಸೆಯುವ ಆಲ್ಡೊಲೇಸ್ ಆಂಟಿಬಾಡಿಗಳು.

ಸ್ಟ್ರಕ್ಚರ್ ನೋಡಿದಾಗ ಕಾರಣ ಕಣ್ಣಿಗೆ ಕಟ್ಟುವ ಹಾಗೆ ಇತ್ತು. ಹೆವಿ ಚೈನಿನ 93ನೇ ಲೈಸಿನ್ ಆಳದ ಗುಂಡಿಯ ತಳದಲ್ಲಿ, ಸುತ್ತಲೂ ನೀರಿಗೆ ಆಗದ, ಎಣ್ಣೆ ಸ್ವಭಾವದ ಅಮೈನೋ ಆಮ್ಲಗಳು. ಸಾಮಾನ್ಯ ಲೈಸಿನ್‌ನ ಪಿಕೆಎ (ಪ್ರೋಟಾನ್ ಬಿಟ್ಟುಕೊಡುವ ಪಿಎಚ್ ಮಟ್ಟ) ಹತ್ತೂವರೆ ಆಸುಪಾಸು, ಅಂದ್ರೆ ರಕ್ತದ ಪಿಎಚ್‌ನಲ್ಲಿ ಅದು ಪ್ರೋಟಾನ್ ಹೊತ್ತುಕೊಂಡು ಪಾಸಿಟಿವ್ ಚಾರ್ಜಿನಲ್ಲಿ ಇರ್ತದೆ, ರಿಯಾಕ್ಟ್ ಆಗುದಿಲ್ಲ. ಆದ್ರೆ ಎಣ್ಣೆಯಂಥ ಗುಂಡಿಯಲ್ಲಿ ಚಾರ್ಜ್ ಹೊತ್ತುಕೊಂಡು ಕೂರುದು ಕಷ್ಟ, ಹಾಗಾಗಿ ಅದು ಪ್ರೋಟಾನನ್ನು ಬಿಟ್ಟುಬಿಡ್ತದೆ, ಇಲ್ಲಿ ಪಿಕೆಎ ಐದೂವರೆಯಿಂದ ಆರಕ್ಕೆ ಇಳಿದಿದೆ. ಬರಿಗೈಯ ಲೈಸಿನ್ ಚುರುಕು, ಬಂದ ಕೀಟೋನನ್ನು ಹಿಡಿದು ಕೆಲಸ ಶುರು ಮಾಡ್ತದೆ. ಸಹಜ ಆಲ್ಡೊಲೇಸ್ ಎಂಜೈಮಿನ ಒಂದು ಗುಂಪು ಮಾಡುದೂ ಇದನ್ನೇ. ವೇಗದಲ್ಲೂ ಇದು ಸಹಜ ಎಂಜೈಮಿನ ಹತ್ತಿರಕ್ಕೆ ಬಂತು, ಮೇಲಿಂದ ಸಹಜ ಎಂಜೈಮಿಗಿಂತ ಹೆಚ್ಚು ಬಗೆಯ ವಸ್ತುಗಳನ್ನು ಒಪ್ಪಿಕೊಂಡಿತು. 38ಸಿ2 ಕೆಮಿಕಲ್ ಕ್ಯಾಟಲಾಗ್‌ನಲ್ಲಿ ಮಾರಾಟಕ್ಕೂ ಬಂತು.

ಉಳಿದವು ಯಾಕೆ ನಿಧಾನ

38ಸಿ2 ಬಿಟ್ರೆ ಹೆಚ್ಚಿನವು ಸಾವಿರದಿಂದ ಹತ್ತು ಲಕ್ಷ ಪಟ್ಟಿನ ಒಳಗೆ. ಕೇಳ್ಲಿಕ್ಕೆ ದೊಡ್ಡ ಸಂಖ್ಯೆ, ಆದ್ರೆ ಎಂಜೈಮ್ ಲೋಕದಲ್ಲಿ ಇದು ಚಿಲ್ಲರೆ. ಓಎಂಪಿ ಡಿಕಾರ್ಬಾಕ್ಸಿಲೇಸ್ ಅಂತ ನಮ್ಮ ಮೈಯಲ್ಲೇ ಇರುವ ಒಂದು ಎಂಜೈಮ್ ಮಾಡುವ ಕೆಲಸ ತನ್ನಷ್ಟಕ್ಕೆ ಬಿಟ್ರೆ ಅರ್ಧ ಮುಗೀಲಿಕ್ಕೆ ಸುಮಾರು 7.8 ಕೋಟಿ ವರ್ಷ ಬೇಕು, ಎಂಜೈಮ್ ಅದನ್ನು ಸೆಕೆಂಡಿಗೆ ಹತ್ತಾರು ಸಲ ಮಾಡಿ ಮುಗಿಸ್ತದೆ. ಕೋರಿಸ್ಮೇಟ್ ಮ್ಯೂಟೇಸ್ ಅನ್ನುವ ಎಂಜೈಮ್ ವೇಗವನ್ನು ಹತ್ತು ಲಕ್ಷ ಪಟ್ಟಿನಷ್ಟು ಹೆಚ್ಚಿಸಿದ್ರೆ ಅದೇ ಕೆಲಸದ 1ಎಫ್7 ಆಂಟಿಬಾಡಿ 250 ಪಟ್ಟು ಮಾತ್ರ. 1994ರಲ್ಲಿ ಅದರ ಸ್ಟ್ರಕ್ಚರ್ ಬಂದಾಗ ಎಂಜೈಮಿನಲ್ಲಿ ಇರುವಷ್ಟು ಹೈಡ್ರೋಜನ್ ಬಾಂಡು, ಚಾರ್ಜಿನ ಆಸರೆ ಆಂಟಿಬಾಡಿಯಲ್ಲಿ ಇಲ್ಲ ಅಂತ ಕಂಡಿತು.

ಇಲ್ಲಿ ವಿಜ್ಞಾನಿಗಳಲ್ಲಿ ಎರಡು ಪಕ್ಷ.

ಒಂದು ಪಕ್ಷ ಹೇಳುದು ತಪ್ಪು ವಿಧಾನದ್ದು ಅಂತ. ಆಂಟಿಬಾಡಿ ರಿಯಾಕ್ಷನನ್ನು ಎಷ್ಟು ವೇಗ ಮಾಡ್ತದೆ ಅನ್ನುದು, ಅದು ಹ್ಯಾಪ್ಟೆನನ್ನು ಸಬ್‌ಸ್ಟ್ರೇಟಿಗಿಂತ ಎಷ್ಟು ಪಟ್ಟು ಗಟ್ಟಿ ಹಿಡೀತದೆ ಅನ್ನುದಕ್ಕೆ ಹೆಚ್ಚುಕಮ್ಮಿ ಸಮ. ಉದಾಹರಣೆಗೆ ಸಬ್‌ಸ್ಟ್ರೇಟ್ ಹಿಡಿತ 100 ಮೈಕ್ರೋಮೋಲಾರ್, ಹ್ಯಾಪ್ಟೆನ್ ಹಿಡಿತ 10 ನ್ಯಾನೋಮೋಲಾರ್ ಅಂತ ಇಟ್ಕೊಳ್ಳಿ (ಅಂಕಿ ಚಿಕ್ಕದಾದಷ್ಟೂ ಹಿಡಿತ ಗಟ್ಟಿ), ಭಾಗಿಸಿದ್ರೆ ಹತ್ತು ಸಾವಿರ ಪಟ್ಟು. ಇದಕ್ಕಿಂತ ಬಹಳ ಮೇಲೆ ಹೋಗ್ಬೇಕಾದ್ರೆ ಹ್ಯಾಪ್ಟೆನ್ ಹಿಡಿತ ಇನ್ನೂ ಲಕ್ಷ ಪಟ್ಟು ಹೆಚ್ಚಬೇಕು, ಆದ್ರೆ ಬಿ ಸೆಲ್ಲಿಗೆ ಒಂದು ಮಟ್ಟದ ನಂತರ ಒಳ್ಳೆ ಹಿಡಿತಕ್ಕೂ ಅತ್ಯುತ್ತಮ ಹಿಡಿತಕ್ಕೂ ವ್ಯತ್ಯಾಸವೇ ಗೊತ್ತಾಗುದಿಲ್ಲ, ವಸ್ತುವನ್ನು ಹಿಡಿದ ಕೆಲವೇ ನಿಮಿಷದಲ್ಲಿ ಅದು ಒಳಗೆ ನುಂಗಿ ಆಗಿರ್ತದೆ. ಅಲ್ಲಿಗೆ ಆಯ್ಕೆ ನಿಂತುಹೋಗ್ತದೆ. ಮೇಲಿಂದ ಹ್ಯಾಪ್ಟೆನ್ ತೋರಿಸುದು ರಿಯಾಕ್ಷನ್ನಿನ ಒಂದೇ ಒಂದು ಕ್ಷಣದ ಫೋಟೋ, ಅದರ ಮೊದಲಿನ, ನಂತರದ ಹಂತಗಳಿಗೆ ಆಂಟಿಬಾಡಿ ತಯಾರಾಗಿರುದಿಲ್ಲ. ಕೆಲವು ಕಡೆ ತಯಾರಾದ ಪ್ರಾಡಕ್ಟೇ ಪಾಕೆಟಿಗೆ ಅಂಟಿಕೊಂಡು ಜಾಗ ಬಿಡುದಿಲ್ಲ. ಡೊನಾಲ್ಡ್ ಹಿಲ್ವರ್ಟ್ ಅವರ 1ಇ9 ಆಂಟಿಬಾಡಿಯಲ್ಲಿ ಇದಕ್ಕೆ ಜಾಣ ಪರಿಹಾರ ಹುಡುಕಿದ್ರು, ಬಾಂಡ್ ಕೂಡಿದ ಕೂಡಲೇ ಸಲ್ಫರ್ ಡೈಆಕ್ಸೈಡ್ ಉದುರಿಹೋಗಿ ಪ್ರಾಡಕ್ಟಿನ ಆಕಾರವೇ ಬದಲಾಗುವ ರಿಯಾಕ್ಷನ್ ಆರಿಸಿಕೊಂಡ್ರು, ಹಾಗಾಗಿ ಪಾಕೆಟ್ ಖಾಲಿ ಆಗ್ತದೆ.

ಇನ್ನೊಂದು ಪಕ್ಷ ಹೇಳುದು ಆಂಟಿಬಾಡಿಯ ಚೌಕಟ್ಟೇ ಈ ಕೆಲಸಕ್ಕೆ ಲಾಯಕ್ಕಲ್ಲ ಅಂತ. ಎಷ್ಟೋ ಎಂಜೈಮುಗಳಲ್ಲಿ ಮುಚ್ಚಳದ ಹಾಗೆ ತೆರೆದು ಮುಚ್ಚುವ ಭಾಗ, ಲೋಹದ ಅಯಾನ್, ಕೋಫ್ಯಾಕ್ಟರ್ ಅನ್ನುವ ಸಹಾಯಕ ಕಣ ಎಲ್ಲ ಉಂಟು, ಇಲ್ಲಿ ಸಿಗುದು ಆರು ಲೂಪು ಮಾತ್ರ. ನನಗೆ ಕಾಣುವ ಹಾಗೆ ಮೊದಲಿನ ಪಕ್ಷದ ವಾದಕ್ಕೆ ತೂಕ ಹೆಚ್ಚು, ಯಾಕಂದ್ರೆ ಅದೇ ಚೌಕಟ್ಟಿನಲ್ಲಿ ಆಯ್ಕೆಯ ನಿಯಮ ಬದಲಾಯಿಸಿದ ಕೂಡಲೇ 38ಸಿ2 ಬಂತಲ್ಲ. ಆದ್ರೂ 38ಸಿ2 ತರದ್ದು ಸಾಲು ಸಾಲಾಗಿ ಬರಲಿಲ್ಲ ಅನ್ನುದೂ ನಿಜ, ಚೌಕಟ್ಟು ಪೂರ್ತಿ ನಿರಪರಾಧಿ ಅಲ್ಲ.

ಮೈಯೊಳಗೇ ಹುಟ್ಟುವವು, ಮತ್ತು ಜಗಳ

ಇಷ್ಟು ಹೊತ್ತು ಹೇಳಿದ್ದು ಲ್ಯಾಬಿನಲ್ಲಿ ಬೇಕಂತ ಮಾಡಿಸಿದ ಆಂಟಿಬಾಡಿಗಳ ವಿಷಯ. ಯಾರೂ ಹ್ಯಾಪ್ಟೆನ್ ಚುಚ್ಚದೆ ಮನುಷ್ಯರ ಮೈಯಲ್ಲೇ ಇಂಥವು ಹುಟ್ತಾವೆ ಅಂತ 1989ರಲ್ಲಿ ಸುಧೀರ್ ಪಾಲ್ ತಂಡ ಹೇಳಿತು, ವಿಐಪಿ ಅನ್ನುವ ಚಿಕ್ಕ ಪೆಪ್ಟೈಡನ್ನು ಒಡೆಯುವ ಆಂಟಿಬಾಡಿ. ಆಮೇಲೆ 1992ರಲ್ಲಿ ಇಮ್ಯೂನ್ ಸಿಸ್ಟಮ್ ತನ್ನ ಮೈಯ ಮೇಲೇ ತಿರುಗಿ ಬೀಳುವ ಲೂಪಸ್ ಕಾಯಿಲೆಯ ರೋಗಿಗಳಲ್ಲಿ ಡಿಎನ್ಎ ಕತ್ತರಿಸುವವು, 1999ರಲ್ಲಿ ಹೀಮೋಫೀಲಿಯಾ ರೋಗಿಗಳಲ್ಲಿ ಚಿಕಿತ್ಸೆಗೆ ಕೊಟ್ಟ, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8ನ್ನೇ ಒಡೆಯುವವು ವರದಿಯಾದ್ವು. ವಿಐಪಿ ಆಂಟಿಬಾಡಿಯ ಲೈಟ್ ಚೈನಿನಲ್ಲಿ ಒಂದು ಸೀರಿನ್, ಒಂದು ಹಿಸ್ಟಿಡಿನ್, ಒಂದು ಆಸ್ಪಾರ್ಟಿಕ್ ಆಮ್ಲ ಟ್ರಿಪ್ಸಿನ್‌ನಲ್ಲಿ ಇರುವ ಹಾಗೆ ಜೊತೆ ಸೇರಿ ಕೆಲಸ ಮಾಡ್ತಾವೆ ಅಂತ ಮ್ಯೂಟೇಷನ್ ಮಾಡಿ ತೋರಿಸಿದ್ದೂ ಉಂಟು.

ನಂಬದವರ ವಾದವೂ ಗಟ್ಟಿಯೇ, ಅದನ್ನು ಲೆಕ್ಕ ಹಾಕಿಯೇ ನೋಡ್ಬೇಕು. ರಕ್ತದಲ್ಲಿ ಪ್ರೋಟೀನ್ ಕತ್ತರಿಸುವ ಅಸಲಿ ಪ್ರೋಟಿಯೇಸ್ ಎಂಜೈಮುಗಳು ಬೇಕಾದಷ್ಟು ಇದ್ದಾವೆ. ಆಂಟಿಬಾಡಿಯನ್ನು ಎಷ್ಟೇ ಶುದ್ಧ ಮಾಡಿದ್ರೂ ಹತ್ತು ಲಕ್ಷಕ್ಕೆ ಒಂದು ಪ್ರೋಟಿಯೇಸ್ ಕಣ ಉಳಿದಿದೆ, ಅದು ಸೆಕೆಂಡಿಗೆ ಸಾವಿರ ಸಲ ಕತ್ತರಿಸ್ತದೆ ಅಂತ ಇಟ್ಕೊಳ್ಳಿ. ಆ ಕೆಲಸವನ್ನು ಎಲ್ಲ ಆಂಟಿಬಾಡಿಗೆ ಹಂಚಿದ್ರೆ ಒಂದೊಂದಕ್ಕೆ ನಿಮಿಷಕ್ಕೆ 0.06 ಸಲ ಬೀಳ್ತದೆ. ನಿಧಾನದ ಆಂಟಿಬಾಡಿಗಳ ಸಾಧನೆ ಅಂತ ಹೇಳಿಕೊಳ್ಳುವ ಅಂಕಿ ಇದೇ ಮಟ್ಟದ್ದಾದ್ರೆ ಅದು ಆಂಟಿಬಾಡಿಯದ್ದೋ ಕಲಬೆರಕೆಯದ್ದೋ ಅಂತ ಹೇಗೆ ಹೇಳುದು? ಹಾಗಾಗಿ ಈ ಕ್ಷೇತ್ರದಲ್ಲಿ ಕೆಲವು ಪರೀಕ್ಷೆ ಕಡ್ಡಾಯದ ಹಾಗೆ ಆಗಿದೆ: ಆಸಿಡ್ಡಿನಲ್ಲಿ ತೊಳೆದು ಅಂಟಿದ್ದನ್ನೆಲ್ಲ ಬಿಡಿಸಿ ಮತ್ತೆ ನೋಡುದು, ಬರೀ ತೋಳಿನ ತುಂಡು ಮಾತ್ರ ಇಟ್ಟು ನೋಡುದು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಬೇಕಾದ್ರೆ ಒಂದೇ ಬಿ ಸೆಲ್ಲಿನ ಜೀನ್ ತೆಗೆದು ಬೇರೆ ಸೆಲ್ಲಿನಲ್ಲಿ ಆಂಟಿಬಾಡಿ ಬೆಳೆಸಿ, ಸಂಶಯದ ಅಮೈನೋ ಆಮ್ಲ ಒಂದನ್ನು ಬದಲಾಯಿಸಿದಾಗ ಕೆಲಸ ನಿಲ್ತದಾ ಅಂತ ನೋಡ್ಬೇಕು.

ಕೋವಿಡ್ ಪೇಪರ್ ಹೇಳಿದ್ದು ಎಷ್ಟು

ಈಗ ಆ ಸುದ್ದಿಯನ್ನು ಓದುವ. ಕೊರೋನಾ ವೈರಸ್ಸಿನ ಮೈಮೇಲಿನ ಸ್ಪೈಕ್ ಪ್ರೋಟೀನ್ ಹೋಗಿ ಅಂಟುದು ನಮ್ಮ ಎಸಿಇ2 ಅನ್ನುವ ಪ್ರೋಟೀನಿಗೆ. ಎಸಿಇ2 ಸ್ವತಃ ಒಂದು ಎಂಜೈಮ್, ಬಿಪಿ ಏರಿಸುವ ಆಂಜಿಯೋಟೆನ್ಸಿನ್ 2 ಹಾರ್ಮೋನಿನ ಎಂಟು ಅಮೈನೋ ಆಮ್ಲದಲ್ಲಿ ಕೊನೆಯ ಒಂದನ್ನು ಕತ್ತರಿಸಿ ಅದನ್ನು ತಣ್ಣಗೆ ಮಾಡ್ತದೆ. ಝೈಕ್ನರ್ ತಂಡದ ಊಹೆ ಹೀಗೆ: ಸ್ಪೈಕಿಗೆ ಹೊಂದುವ ಆಕಾರ ಎಸಿಇ2ಗೆ ಉಂಟು, ಸ್ಪೈಕ್ ವಿರುದ್ಧದ ಆಂಟಿಬಾಡಿಗೂ ಉಂಟು, ಹಾಗಾದ್ರೆ ಕೆಲವು ಆಂಟಿಬಾಡಿ ಎಸಿಇ2 ತರವೇ ಆಗಿ ಅದರ ಕತ್ತರಿಸುವ ಕೆಲಸವನ್ನೂ ಮಾಡಬಹುದು. ಕೆಲವು ರೋಗಿಗಳ ಇಮ್ಯುನೋಗ್ಲೋಬ್ಯುಲಿನ್ (ಆಂಟಿಬಾಡಿ) ಜೊತೆಗೆ ಅಂಥ ಚಟುವಟಿಕೆ ಸೇರಿಕೊಂಡಿದೆ ಅಂತ ಅವರು ಕಂಡ್ರು. ಕೋವಿಡ್ಡಿನಲ್ಲಿ ಬಿಪಿ ಏರುಪೇರು, ಉರಿಯೂತದಂಥ ಕೆಲವು ತೊಂದರೆಗೆ ಇದೂ ಒಂದು ಕಾರಣ ಇರಬಹುದಾ ಅನ್ನುದು ಅವರ ಪ್ರಶ್ನೆ.

ಸ್ಟ್ರಕ್ಚರ್ ಕಣ್ಣಿಂದ ನೋಡಿದ್ರೆ ಇಲ್ಲೊಂದು ತೊಡಕು ಉಂಟು, ಸುದ್ದಿ ಹಂಚಿದವರು ಯಾರೂ ಇದನ್ನು ಹೇಳುದಿಲ್ಲ. ಸ್ಪೈಕ್ ಅಂಟುದು ಎಸಿಇ2ದ ಹೊರಮೈಯ ಒಂದು ಅಂಚಿಗೆ. ಕತ್ತರಿಸುವ ಜಾಗ ಅದಲ್ಲ, ಅದು ಪ್ರೋಟೀನಿನ ನಡುವಿನ ಆಳವಾದ ಸೀಳಿನಲ್ಲಿ ಉಂಟು, ಅಲ್ಲಿ ಎರಡು ಹಿಸ್ಟಿಡಿನ್ ಒಂದು ಗ್ಲುಟಾಮಿಕ್ ಆಮ್ಲ ಸೇರಿ ಒಂದು ಝಿಂಕ್ ಅಯಾನನ್ನು ಹಿಡಿದಿರ್ತಾವೆ. ಅಂಚಿನ ಆಕಾರವನ್ನು ಆಂಟಿಬಾಡಿ ಎಷ್ಟೇ ಚೆನ್ನಾಗಿ ನಕಲು ಮಾಡಿದ್ರೂ ಸೀಳು ಮತ್ತು ಝಿಂಕ್ ತನ್ನಿಂದ ತಾನೇ ಬರುದಿಲ್ಲ. ಹಾಗಾಗಿ ಚಟುವಟಿಕೆ ನಿಜವೇ ಆಗಿದ್ರೂ ಅದು ಎಸಿಇ2ದ ನಕಲಿನಿಂದ ಬಂತು ಅನ್ನುವ ವಿವರಣೆ ಇನ್ನೂ ಸಾಬೀತಾಗ್ಬೇಕು, ಬೇರೆ ಯಾವುದೋ ಪಾಕೆಟ್ ಬೇರೆಯೇ ದಾರಿಯಲ್ಲಿ ಕತ್ತರಿಸ್ತಾ ಇರಲಿಕ್ಕೂ ಸಾಕು. ರೋಗಿಯ ರಕ್ತದ ಮಿಶ್ರ ಆಂಟಿಬಾಡಿಯಿಂದ ಕ್ರಿಸ್ಟಲ್ ತೆಗೀಲಿಕ್ಕೆ ಆಗುದಿಲ್ಲ, ಒಂದನ್ನು ಬೇರ್ಪಡಿಸಿ ಬೆಳೆಸಿದ ಮೇಲೆಯೇ ಆ ಚಿತ್ರ ಸಿಗುದು.

ಇನ್ನು ಮುಂದೆ

ಔಷಧಿ ಕಡೆ ನೋಡಿದ್ರೆ ದಾರಿ ಕವಲೊಡೆದಿದೆ. ಕೊಕೇನ್ ಒಡೆಯುವ ಆಂಟಿಬಾಡಿಯನ್ನು ಡೊನಾಲ್ಡ್ ಲ್ಯಾಂಡ್ರಿ ತಂಡ 1993ರಲ್ಲೇ ಮಾಡಿತ್ತು, ಆಮೇಲೆ ಬಂದ 15ಎ10 ಪ್ರಾಣಿಗಳ ಮೇಲೆ ಒಳ್ಳೆ ಪರಿಣಾಮವನ್ನೂ ತೋರಿಸಿತು. ಆದ್ರೆ ಅದು ನಿಮಿಷಕ್ಕೆ ಎರಡು ಮೂರು ಕಣ ಒಡೆಯುವ ಮಟ್ಟದ್ದು. ಅಷ್ಟರಲ್ಲಿ ನಮ್ಮ ರಕ್ತದಲ್ಲೇ ಇರುವ ಬ್ಯುಟಿರಿಲ್‌ಕೋಲಿನ್‌ಎಸ್ಟರೇಸ್ ಎಂಜೈಮಿಗೆ ಮ್ಯೂಟೇಷನ್ ಹಾಕಿ ಅದಕ್ಕಿಂತ ಎಷ್ಟೋ ಜೋರಾದದ್ದನ್ನು ಮಾಡಿದ್ರು, ಜನರ ಗಮನ ಆ ಕಡೆಗೆ ಹೋಯ್ತು. ಆಂಟಿಬಾಡಿಗೆ ಉಳಿದ ಒಂದು ಅನುಕೂಲ ಆಯುಷ್ಯ, ಐಜಿಜಿ ಅನ್ನುವ ಬಗೆಯ ಆಂಟಿಬಾಡಿ ರಕ್ತದಲ್ಲಿ ಮೂರು ವಾರದ ಹತ್ತಿರ ಉಳೀತದೆ.

38ಸಿ2ದ ಆ ಚುರುಕು ಲೈಸಿನ್ ಈಗ ಬೇರೆ ಕೆಲಸಕ್ಕೆ ಬಿದ್ದಿದೆ. ಕ್ಯಾನ್ಸರ್ ಕೋಶಕ್ಕೆ ಔಷಧಿ ಹೊತ್ತೊಯ್ಯುವ ಆಂಟಿಬಾಡಿಗೆ ಆ ಔಷಧಿಯನ್ನು ಎಲ್ಲೆಲ್ಲೋ ಅಂಟಿಸುದರ ಬದಲು ಒಂದೇ ನಿರ್ದಿಷ್ಟ ಜಾಗಕ್ಕೆ ಕೂಡಿಸ್ಲಿಕ್ಕೆ ಸಂಶೋಧಕರು ಇದನ್ನು ಕೊಂಡಿಯ ಹಾಗೆ ಬಳಸ್ತಿದ್ದಾರೆ. ‘ಆಂಟಿಬಾಡಿ ಕ್ಯಾನ್ಸರ್ ಕರಗಿಸ್ತದೆ’ ಅನ್ನುವ ಫಾರ್ವರ್ಡಿಗೆ ಸ್ವಲ್ಪವಾದ್ರೂ ಹತ್ತಿರ ಬರುದು ಇದೊಂದೇ, ಅದರಲ್ಲೂ ಕರಗಿಸುದು ಆಂಟಿಬಾಡಿ ಅಲ್ಲ, ಅದು ಹೊತ್ತುಕೊಂಡು ಹೋದ ಔಷಧಿ.

ಹೊಸ ರಿಯಾಕ್ಷನ್ನಿಗೆ ಹೊಸ ಎಂಜೈಮ್ ಮಾಡುವ ಕನಸು ಇಲಿಯನ್ನು ಬಿಟ್ಟು ಕಂಪ್ಯೂಟರಿಗೆ ಹೋಗಿದೆ. 2024ರ ಕೆಮಿಸ್ಟ್ರಿ ನೊಬೆಲ್‌ನಲ್ಲಿ ಪಾಲು ಪಡೆದ ಡೇವಿಡ್ ಬೇಕರ್ ಅವರ ಲ್ಯಾಬ್ 2025ರಲ್ಲಿ ಎಸ್ಟರ್ ಒಡೆಯುವ ಸೀರಿನ್ ಹೈಡ್ರೊಲೇಸನ್ನು ಸೊನ್ನೆಯಿಂದ ವಿನ್ಯಾಸ ಮಾಡಿ ತೋರಿಸಿತು. ಅಲ್ಲಿ ಅವರು ಒಂದೇ ಟ್ರಾನ್ಸಿಷನ್ ಸ್ಟೇಟಿಗೆ ಪಾಕೆಟ್ ಹೊಂದಿಸಿ ಬಿಡಲಿಲ್ಲ, ರಿಯಾಕ್ಷನ್ನಿನ ಪ್ರತಿ ಹಂತದಲ್ಲೂ ಅಮೈನೋ ಆಮ್ಲಗಳು ಸರಿಯಾದ ಜಾಗದಲ್ಲೇ ಇರ್ತಾವಾ ಅಂತ ಮೊದಲೇ ಪರೀಕ್ಷಿಸಿದ್ರು. ಒಂದೇ ಫೋಟೋ ನೋಡಿ ಪಾಕೆಟ್ ಕಟ್ಟುವ ಇಲಿಗೆ ಆಗದ ಕೆಲಸ ಅದು.

ಇನ್ನು ಲ್ಯಾಬಿಗೆ ಹೋಗಿ ‘ನನ್ನ ಆಂಟಿಬಾಡಿ ಕತ್ತರಿಸ್ತದಾ ನೋಡಿ’ ಅಂತ ಕೇಳಿದ್ರೆ ಗೊತ್ತಾಗ್ತದಾ? ಇಲ್ಲ ಮಾರಾಯ್ರೆ. ಎಲೈಸಾ ಟೆಸ್ಟಿನಲ್ಲೋ ಕೋವಿಡ್ ಐಜಿಜಿ ರಿಪೋರ್ಟಿನಲ್ಲೋ ಬರುವ ಅಂಕಿ ಆಂಟಿಬಾಡಿ ಎಷ್ಟು ಉಂಟು, ಹಿಡೀತದಾ ಅನ್ನುದನ್ನು ಮಾತ್ರ ಅಳೀತದೆ. ಕತ್ತರಿಸುವ ವೇಗ ಅಳೆಯುವ ಟೆಸ್ಟ್ ರಿಸರ್ಚ್ ಲ್ಯಾಬಿನ ಒಳಗೆ ಉಂಟು, ಸಾಮಾನ್ಯ ಡಯಾಗ್ನೋಸ್ಟಿಕ್ ಸೆಂಟರಿನ ರೇಟ್ ಲಿಸ್ಟಿನಲ್ಲಿ ಅಲ್ಲ. ಐಜಿಜಿ ಅಂಕಿ ಜಾಸ್ತಿ ಬಂತು ಅಂತ ಕೋವಿಡ್ ಅಬ್‌ಝೈಮ್ ಇರಬಹುದು ಅಂತ ಹೆದರುದಕ್ಕೆ, ಅಥವಾ ಇಲ್ಲ ಅಂತ ಸಮಾಧಾನ ಮಾಡಿಕೊಳ್ಳುದಕ್ಕೆ, ಆ ರಿಪೋರ್ಟಿನಲ್ಲಿ ಯಾವ ಆಧಾರವೂ ಇಲ್ಲ.